ಕೈಯಲ್ಲಿ ಹೊಸ ಲೈಸೆನ್ಸು, ಕಾಲ ಕೆಳಗೆ ಇನ್ನೂರು ಹಾರ್ಸ್‌ಪವರ್

(ಮೈಸೂರಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಡ್ರೈವಿಂಗ್ ಕಲಿಸುವುದು ನನ್ನ ಕೆಲಸ. ಮೊದಲೆಲ್ಲ ಕಲಿಯೋಕೆ ಬಂದ ಮಕ್ಕಳು ಮೊದಲ ದಿನ ಕೇಳುತ್ತಿದ್ದ ಪ್ರಶ್ನೆ ಒಂದೇ: ಹಾಫ್ ಕ್ಲಚ್ ಅಂದರೆ ಏನು? ಈಗಿನವರು ಬೇರೆ ಕೇಳುತ್ತಾರೆ. "ಸರ್, ಮನೆಯಲ್ಲಿ ಎಲೆಕ್ಟ್ರಿಕ್ ಎಸ್‌ಯುವಿ ಬುಕ್ ಮಾಡಿದ್ದಾರೆ. ನಾನು ಕ್ಲಚ್ ಕಲಿಯಲೇಬೇಕಾ?" ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಕಾರಿನ ಪವರ್ ಎಷ್ಟು ಅಂತ ನಾನು ತಿರುಗಿ ಕೇಳಿದರೆ, ಹೇಳುವ ಅಂಕಿ ಕೇಳಿ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ನಾನು ಹೇಳೋಕೆ ಬಂದಿರುವ ವಿಷಯ ನೇರವಾಗಿಯೇ ಹೇಳುತ್ತೇನೆ. ಲೈಸೆನ್ಸ್ ಸಿಕ್ಕ ಮೊದಲ ಎರಡು ಮೂರು ವರ್ಷ ಭಾರಿ ಪವರ್ ಇರುವ ಕಾರು ಹೊಸಬರ ಕೈಗೆ ಹೋಗಬಾರದು. ಇದನ್ನು ಮನೆಯವರ ವಿವೇಕಕ್ಕೆ ಮಾತ್ರ ಬಿಟ್ಟರೆ ಸಾಲದು, ಕಾನೂನಿನಲ್ಲೇ ಬರಬೇಕು. ಹುಡುಗರು ಕೆಟ್ಟವರು, ಜವಾಬ್ದಾರಿ ಇಲ್ಲದವರು ಅಂತ ನಾನು ಹೇಳುತ್ತಿಲ್ಲ. ನಾನು ಕಲಿಸಿದವರಲ್ಲಿ ಇಪ್ಪತ್ತರ ಒಳಗಿನವರೇ ಬೇಗ ಕಲಿಯುವವರು. ಅವರ ಕಣ್ಣು ಚುರುಕು, ಕೈ ಚುರುಕು. ಇಲ್ಲದಿರುವುದು ಒಂದೇ, ಅನುಭವ. ಅದು ರಸ್ತೆಯ ಮೇಲೆ ಓಡಾಡಿಯೇ ಬರಬೇಕು, ಬೇರೆ ದಾರಿ ಇಲ್ಲ.

ಪುಣೆಯ ಪ್ರಕರಣ ನಿಮಗೆಲ್ಲ ನೆನಪಿದೆ. 2024ರ ಮೇ 19, ಬೆಳಗಿನ ಜಾವ, ಕಲ್ಯಾಣಿ ನಗರ. ಒಂದು ಪೋರ್ಷೆ ಟೈಕಾನ್ ಬೈಕಿಗೆ ಗುದ್ದಿತು. ಬೈಕಿನಲ್ಲಿದ್ದ ಇಬ್ಬರೂ ಸತ್ತರು. ಇಬ್ಬರೂ 24 ವರ್ಷದ ಇಂಜಿನಿಯರುಗಳು, ಮಧ್ಯಪ್ರದೇಶದಿಂದ ಕೆಲಸಕ್ಕೆ ಅಂತ ಬಂದವರು. ಕಾರು ಓಡಿಸುತ್ತಿದ್ದ ಅಂತ ಪೊಲೀಸರು ಹೇಳಿದ ಹುಡುಗನಿಗೆ 17 ವರ್ಷ 8 ತಿಂಗಳು. ಮುನ್ನೂರು ಪದಗಳ ಪ್ರಬಂಧ ಬರೆಯಬೇಕು ಎಂಬ ಷರತ್ತಿನ ಮೇಲೆ ಅವನಿಗೆ ಅದೇ ದಿನ ಜಾಮೀನು ಸಿಕ್ಕಿತು. ಇಡೀ ದೇಶ ರೊಚ್ಚಿಗೆದ್ದಿದ್ದು ಆ ಪ್ರಬಂಧಕ್ಕೆ. ಆ ಕಾರು ಬಂದಿದ್ದು ನಮ್ಮ ಬೆಂಗಳೂರಿನಿಂದ, ಕರ್ನಾಟಕದ ತಾತ್ಕಾಲಿಕ ನೋಂದಣಿಯಲ್ಲಿ. ಪುಣೆಯಲ್ಲಿ ಕಾಯಂ ನೋಂದಣಿಗೆ ಕಟ್ಟಬೇಕಿದ್ದ ಶುಲ್ಕ 1,758 ರೂಪಾಯಿ ಬಾಕಿ ಇತ್ತು.

ಆ ಪ್ರಕರಣದ ಬಗ್ಗೆ ಕುಡಿತ, ಹಣ, ರಕ್ತದ ಮಾದರಿ ಬದಲಿಸಿದ ಆರೋಪ, ಎಲ್ಲದರ ಮಾತೂ ಆಯಿತು. ಆಗಲೇಬೇಕಿತ್ತು. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅದೇ ಹುಡುಗ ಇನ್ನು ನಾಲ್ಕು ತಿಂಗಳು ಕಾದಿದ್ದರೆ? ಹದಿನೆಂಟು ತುಂಬಿದ ದಿನ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್. ಮೂವತ್ತು ದಿನ ಕಳೆದ ಮೇಲೆ ಟೆಸ್ಟ್. ಯಾವುದೋ ಸಣ್ಣ ಕಾರಿನಲ್ಲಿ ಟ್ರ್ಯಾಕ್ ಸುತ್ತಿ ಬಂದರೆ ಡಿಎಲ್. ಅಲ್ಲಿಂದ ಮುಂದೆ ಅದೇ ಟೈಕಾನ್ ಓಡಿಸಲು ಅವನಿಗೆ ಪೂರ್ತಿ ಹಕ್ಕು. ರಾತ್ರಿ ಎರಡೂವರೆಗೂ ಓಡಿಸಬಹುದು, ಗೆಳೆಯರನ್ನು ಕೂರಿಸಿಕೊಂಡೂ ಓಡಿಸಬಹುದು. ಐದು ತಿಂಗಳ ಹಿಂದೆ ಅಪರಾಧವಾಗಿದ್ದು ಐದು ತಿಂಗಳಲ್ಲಿ ಹಕ್ಕಾಗುತ್ತದೆ. ನಡುವೆ ಒಂದೇ ಒಂದು ಮೆಟ್ಟಿಲೂ ಇಲ್ಲ.

ನಮ್ಮ ಲೈಸೆನ್ಸಿನಲ್ಲಿ ಕಾರು ಅಂದರೆ ಎಲ್‌ಎಂವಿ, ಹಗುರ ಮೋಟರು ವಾಹನ. ಆಲ್ಟೊ ಕೂಡ ಎಲ್‌ಎಂವಿ, ಲ್ಯಾಂಬೋರ್ಗಿನಿ ಕೂಡ ಎಲ್‌ಎಂವಿ. ಕಾನೂನು ತೂಕ ನೋಡುತ್ತದೆ, 7,500 ಕಿಲೊ ದಾಟಬಾರದು ಅಷ್ಟೇ. ಪವರ್ ಎಷ್ಟು ಅಂತ ಕೇಳುವುದೇ ಇಲ್ಲ. 1988ರಲ್ಲಿ ಈ ಮೋಟರು ವಾಹನ ಕಾಯ್ದೆ ಬರೆದಾಗ ಅದನ್ನು ಕೇಳುವ ಅಗತ್ಯವೂ ಇರಲಿಲ್ಲ. ರಸ್ತೆಯಲ್ಲಿ ಇದ್ದಿದ್ದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800. ಮಾರುತಿ 800ಕ್ಕೆ ಇದ್ದಿದ್ದು 37 ಹಾರ್ಸ್‌ಪವರ್. ನಿಂತ ಜಾಗದಿಂದ ನೂರು ಮುಟ್ಟೋಕೆ ಹದಿನೈದು ಸೆಕೆಂಡಿಗೂ ಜಾಸ್ತಿ ಬೇಕಿತ್ತು. ಅಷ್ಟರಲ್ಲಿ ಇಂಜಿನ್ ಕೂಗುತ್ತಿತ್ತು, ಬಾಗಿಲು ನಡುಗುತ್ತಿತ್ತು, ಪಕ್ಕದಲ್ಲಿ ಕೂತ ಅಮ್ಮ "ನಿಧಾನ ಕಣೋ" ಅನ್ನೋಕೂ ಸಮಯ ಇರುತ್ತಿತ್ತು. ಕಾರೇ ನಿಮ್ಮನ್ನು ತಡೆಯುತ್ತಿತ್ತು.

ಈಗ ನೋಡಿ. 2024ರ ನವೆಂಬರಿನಲ್ಲಿ ಮಹೀಂದ್ರ ಬಿಇ 6 ಬಂತು. ಅದರ ದೊಡ್ಡ ಬ್ಯಾಟರಿಯ ಮಾದರಿಯಲ್ಲಿ 210 ಕಿಲೊವ್ಯಾಟ್, ಅಂದರೆ 280 ಹಾರ್ಸ್‌ಪವರ್‌ಗೂ ಸ್ವಲ್ಪ ಜಾಸ್ತಿ. ನೂರು ಮುಟ್ಟೋಕೆ 6.7 ಸೆಕೆಂಡ್ ಸಾಕು ಅಂತ ಕಂಪನಿಯೇ ಹೇಳುತ್ತದೆ. ತೂಕ ಎರಡು ಟನ್ನಿನ ಆಸುಪಾಸು. ಬಿವೈಡಿ ಸೀಲ್ ಕಾರಿನ ಮೇಲಿನ ಮಾದರಿ ಇನ್ನೂ ಮುಂದೆ, 390 ಕಿಲೊವ್ಯಾಟ್, 3.8 ಸೆಕೆಂಡ್. ಹಿಂದೆ ಇಂಥ ವೇಗ ಬೇಕು ಅಂದರೆ ಕೋಟಿಗಟ್ಟಲೆ ದುಡ್ಡು ಬೇಕಿತ್ತು. ಅಂಥ ಕಾರು ಊರಿಗೆ ಒಂದೋ ಎರಡೋ. ಈಗ ಬಿಇ 6 ಆದರೆ 27 ಲಕ್ಷದ ಸುಮಾರಿನಲ್ಲಿ ಶೋರೂಮಿನಿಂದ ಮನೆಗೆ ಬರುತ್ತದೆ. ಒಳ್ಳೆಯ ಕಾರು, ಅದರಲ್ಲಿ ಎರಡು ಮಾತಿಲ್ಲ. ಭಾರತ್ ಎನ್‌ಕ್ಯಾಪ್ ಅನ್ನುವ ಕ್ರ್ಯಾಶ್ ಟೆಸ್ಟಿನಲ್ಲಿ ಐದು ಸ್ಟಾರ್ ತೆಗೆದುಕೊಂಡಿದೆ. ಅದು ಅಪ್ಪನ ಕಾರಾಗಿ ಇರುವಾಗ ನನಗೆ ಯಾವ ತಕರಾರೂ ಇಲ್ಲ.

ಎಲೆಕ್ಟ್ರಿಕ್ ಕಾರಿನ ಪಿಕಪ್ ಹೇಗಿರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಭಯ ಇರುವುದು ಇಲ್ಲೇ. ಪೆಟ್ರೋಲ್ ಕಾರಿನಲ್ಲಿ ಎಕ್ಸಲರೇಟರ್ ಒತ್ತಿದರೆ ಇಂಜಿನ್ ಮೇಲೇರಬೇಕು, ಗೇರ್ ಬದಲಾಗಬೇಕು. ಟರ್ಬೊ ಇದ್ದರೆ ಅದು ಎಚ್ಚರ ಆಗಬೇಕು. ಆಮೇಲೆ ಗಾಡಿ ನುಗ್ಗುತ್ತದೆ. ಆ ಒಂದು ಕ್ಷಣದಲ್ಲಿ ಕಾಲು ಹಿಂದೆ ತೆಗೆಯಬಹುದು. ಮೋಟರಿನಲ್ಲಿ ಆ ಕ್ಷಣವೇ ಇಲ್ಲ. ಒತ್ತಿದ ತಕ್ಷಣ ಇರುವಷ್ಟೂ ಟಾರ್ಕ್, ಅಂದರೆ ತಿರುಗಿಸುವ ಬಲ, ಚಕ್ರಕ್ಕೆ ಬರುತ್ತದೆ. ಸದ್ದೂ ಇಲ್ಲ. ನಲವತ್ತರಲ್ಲಿ ಇದ್ದವರು ತೊಂಬತ್ತಕ್ಕೆ ಹೋಗಿರುತ್ತಾರೆ, ಕಿವಿಗೆ ಗೊತ್ತೇ ಆಗಿರುವುದಿಲ್ಲ.

ಮಂಡ್ಯ ಕಡೆಯ ಒಂದು ಎರಡು ಲೇನಿನ ರಸ್ತೆ ನೆನಸಿಕೊಳ್ಳಿ. ಕಬ್ಬು ಕಡಿಯುವ ಕಾಲ, ಸಂಜೆ ಏಳು ಗಂಟೆ. ಮುಂದೆ ಒಂದು ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರ್, ಅಂಚು ಮೀರಿ ಹೊರಗೆ ಚಾಚಿದ ಕಬ್ಬು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಮೇಲೆ ಮಣ್ಣು. ಎದುರಿನಿಂದ ಒಂದೇ ಒಂದು ದೀಪ ಬರುತ್ತಿದೆ. ಅದು ಬೈಕೋ, ಒಂದು ಹೆಡ್‌ಲೈಟ್ ಹೋದ ಲಾರಿಯೋ? ಪಳಗಿದ ಡ್ರೈವರ್ ಇಲ್ಲಿ ಸುಮ್ನೆ ಟ್ರ್ಯಾಕ್ಟರ್ ಹಿಂದೆ ಕೂರುತ್ತಾನೆ, ಆ ದೀಪ ದಾಟಿ ಹೋಗುವವರೆಗೂ. ಹೊಸಬನಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ, ಬೈಕೇ ಅಂದುಕೊಳ್ಳುತ್ತಾನೆ. ಸಣ್ಣ ಕಾರಿನಲ್ಲಿದ್ದರೆ ಓವರ್‌ಟೇಕ್ ಮಾಡುವಷ್ಟು ಪಿಕಪ್ ಇಲ್ಲ ಅನ್ನುವ ಕಾರಣಕ್ಕೇ ಎಷ್ಟೋ ಸಲ ಹಿಂದೆ ಉಳಿಯುತ್ತಾನೆ, ಬದುಕುತ್ತಾನೆ. 280 ಹಾರ್ಸ್‌ಪವರ್ ಇದ್ದಾಗ 'ಆಗಲ್ಲ' ಅಂತ ಹೇಳುವವರು ಯಾರೂ ಇಲ್ಲ.

ಲೆಕ್ಕ ಒಂದೇ ಒಂದು ಕೊಡುತ್ತೇನೆ. ಏನೋ ಅಡ್ಡ ಬಂತು ಅಂತ ಕಣ್ಣಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಹಿಡಿಯಿರಿ. ರಸ್ತೆ ಒಣಗಿದೆ, ಟೈರು ಚೆನ್ನಾಗಿದೆ. 60ರಲ್ಲಿ ಹೋಗುತ್ತಿದ್ದರೆ ಗಾಡಿ ನಿಲ್ಲೋಕೆ ಸುಮಾರು 45 ಮೀಟರ್ ಬೇಕು. 100ರಲ್ಲಿ ಹೆಚ್ಚುಕಡಿಮೆ 100 ಮೀಟರ್. 120ರಲ್ಲಿ 130 ಮೀಟರ್. ವೇಗ ಎರಡು ಪಟ್ಟು, ದೂರ ಮೂರು ಪಟ್ಟಿನ ಹತ್ತಿರ. ಈ ದೂರ ಪುಸ್ತಕ ಓದಿ ಕಣ್ಣಿಗೆ ಬರುವುದಿಲ್ಲ. ನಿಧಾನವಾಗಿ ಹೋಗುವಾಗ ಸಣ್ಣಪುಟ್ಟದಾಗಿ ತಪ್ಪಿ, ತಿದ್ದಿಕೊಂಡು ಬರುವ ಅಂದಾಜು ಅದು. ಆ ತಪ್ಪುಗಳು ಎಷ್ಟು ವೇಗದಲ್ಲಿ ಆಗುತ್ತವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಲವತ್ತರಲ್ಲಿ ಆದರೆ ಬಂಪರ್ ಹೋಗುತ್ತದೆ.

ದೇಶದ ಲೆಕ್ಕ ಇನ್ನೂ ನೋವಿನದು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಸಾವಿಗೆ ಅತಿ ವೇಗವೇ ಕಾರಣ ಅಂತ ಬರೆದಿದ್ದಾರೆ. ಕರ್ನಾಟಕದಲ್ಲೇ 11 ಸಾವಿರಕ್ಕೂ ಮೇಲೆ. ಇವರೆಲ್ಲ ದೊಡ್ಡ ಕಾರಿನವರಲ್ಲ, ನನಗೆ ಗೊತ್ತು. ಜಾಸ್ತಿ ಸಾಯುವವರು ಬೈಕಿನವರು, ನಡೆದು ಹೋಗುವವರು. ಅದಕ್ಕೇ ನಾನು ಇಷ್ಟು ಹೇಳುತ್ತಿರುವುದು. ಐದು ಸ್ಟಾರ್ ಕಾರಿನ ಒಳಗಿರುವ ನಿಮ್ಮ ಮಗ ಏರ್‌ಬ್ಯಾಗಿನಿಂದ ಎದ್ದು ಬರಬಹುದು. ಎದುರಿಗೆ ಬಂದವರು ಏಳುವುದಿಲ್ಲ.

ಇನ್ನು ಒಳಗಿದ್ದವರೂ ಉಳಿಯಲಿಲ್ಲ ಅನ್ನುವುದಕ್ಕೆ ಕೋರಮಂಗಲ ಇದೆ. 2021ರ ಆಗಸ್ಟ್ 31ರ ನಡುರಾತ್ರಿ ಒಂದು ಆಡಿ ಕ್ಯೂ3 ಫುಟ್‌ಪಾತ್ ಹತ್ತಿ ಕಟ್ಟಡಕ್ಕೆ ಬಡಿಯಿತು. ಐದು ಜನರ ಕಾರಿನಲ್ಲಿ ಏಳು ಜನ ಇದ್ದರು. ಏಳೂ ಜನ ಹೋದರು. ಯಾರೂ ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ರಾತ್ರಿ, ಖಾಲಿ ರಸ್ತೆ, ಗಾಡಿ ತುಂಬ ಗೆಳೆಯರು. ಈ ಮೂರು ಒಟ್ಟಿಗೆ ಸೇರಿದಾಗ ವಯಸ್ಸಿನ ಹುಡುಗರ ಕಾಲು ಭಾರ ಆಗುತ್ತದೆ ಅನ್ನುವುದು ಪ್ರಪಂಚದ ಎಲ್ಲ ಕಡೆ ಕಂಡಿರುವ ಮಾತು. ನ್ಯೂಜಿಲೆಂಡ್ ದೇಶ 1987ರಲ್ಲೇ ಇದನ್ನು ಲೈಸೆನ್ಸಿನ ಒಳಗೆ ತಂದಿತು. ಹೊಸಬರು ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಬ್ಬರೇ ಓಡಿಸುವ ಹಾಗಿಲ್ಲ. ಪಕ್ಕದಲ್ಲಿ ಅನುಭವಸ್ಥರಿಲ್ಲದೆ ಗೆಳೆಯರನ್ನು ಕೂರಿಸಿಕೊಳ್ಳುವ ಹಾಗೂ ಇಲ್ಲ.

ಆಸ್ಟ್ರೇಲಿಯಾದವರು ಕಾರಿನ ಪವರನ್ನೂ ಸೇರಿಸಿದರು. ಮೆಲ್ಬರ್ನ್, ಸಿಡ್ನಿಯಲ್ಲಿ ನಿಮ್ಮ ನೆಂಟರಿದ್ದರೆ ಕೇಳಿ ನೋಡಿ, ಪಿ ಪ್ಲೇಟ್, ಅಂದರೆ ಹೊಸಬರು ಕಾರಿಗೆ ಹಾಕಿಕೊಳ್ಳುವ 'ಪಿ' ಅಕ್ಷರದ ಫಲಕ, ಅದರ ವಿಷಯ ಮಕ್ಕಳಿರುವ ಎಲ್ಲ ಮನೆಗೂ ಗೊತ್ತು. ಮೊದಲು ದೊಡ್ಡವರ ಜೊತೆ 120 ಗಂಟೆ ಓಡಿಸಿ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಕೆಂಪು ಪಿ, ಅದಾದ ಮೇಲೆ ಹಸಿರು ಪಿ. ಈ ಪಿ ಇರುವಷ್ಟು ಕಾಲ ಒಂದು ಟನ್ ತೂಕಕ್ಕೆ 130 ಕಿಲೊವ್ಯಾಟ್ ದಾಟಿದ ಕಾರು ಮುಟ್ಟುವ ಹಾಗಿಲ್ಲ. ಇಟಲಿಯಲ್ಲಿ ಇನ್ನೂ ಬಿಗಿ. ಮೊದಲ ಮೂರು ವರ್ಷ ಟನ್ನಿಗೆ 75 ಕಿಲೊವ್ಯಾಟ್, ಒಟ್ಟಾರೆ 105 ಕಿಲೊವ್ಯಾಟ್. ಅದೂ 2024ರ ಕೊನೆಯಲ್ಲಿ ಸಡಿಲ ಮಾಡಿದ ಮೇಲಿನ ಮಿತಿ, ಮೊದಲು ಇನ್ನೂ ಕಡಿಮೆ ಇತ್ತು. ಫೆರಾರಿ, ಲ್ಯಾಂಬೋರ್ಗಿನಿ ಹುಟ್ಟಿದ ದೇಶ ಅದು, ನೆನಪಿರಲಿ.

ದಕ್ಷಿಣ ಆಸ್ಟ್ರೇಲಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಡಿಲೇಡ್‌ನಲ್ಲಿ 2019ರಲ್ಲಿ ಒಂದು ಲ್ಯಾಂಬೋರ್ಗಿನಿ ಹತೋಟಿ ತಪ್ಪಿ ಫುಟ್‌ಪಾತ್ ಮೇಲೆ ಬಂದು ಹದಿನೈದು ವರ್ಷದ ಒಬ್ಬ ಹುಡುಗಿ ಸತ್ತಳು. ಓಡಿಸುತ್ತಿದ್ದವನು ಹುಡುಗನಲ್ಲ, ಮೂವತ್ತು ದಾಟಿದವನು. ಅಲ್ಲಿನ ಸರ್ಕಾರ 2024ರ ಡಿಸೆಂಬರಿನಿಂದ ಅತಿ ಪವರಿನ ಕಾರುಗಳಿಗೆ ಎಲ್ಲ ವಯಸ್ಸಿನವರಿಗೂ ಬೇರೆ ದರ್ಜೆಯ ಲೈಸೆನ್ಸ್ ಮಾಡಿತು. ನನಗೆ ಇದು ಬಹಳ ಸರಿ ಅನಿಸುತ್ತದೆ. ಐವತ್ತು ವರ್ಷದವರು ಇಪ್ಪತ್ತೈದು ವರ್ಷ ವ್ಯಾಗನ್ ಆರ್ ಓಡಿಸಿ ನೇರ 500 ಹಾರ್ಸ್‌ಪವರಿಗೆ ಹತ್ತಿದರೆ ಅವರೂ ಆ ಕಾರಿಗೆ ಹೊಸಬರೇ, ಅಲ್ವಾ?

ನಮ್ಮಲ್ಲಿ ಏನಿದೆ? ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಯುವವರು ಕನಿಷ್ಠ 10 ಗಂಟೆ ಓಡಿಸಬೇಕು ಅಂತ ನಿಯಮ. ಆಮೇಲೆ ಟ್ರ್ಯಾಕ್. ಎಂಟು ಹಾಕಬೇಕು, ಎಚ್‌ನಲ್ಲಿ ರಿವರ್ಸ್ ತೆಗೆಯಬೇಕು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದ ಹಾಗೆ ಎತ್ತಬೇಕು. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ, ಸ್ಟೀರಿಂಗ್ ಹತೋಟಿಗೆ ಇವೆಲ್ಲ ಬೇಕೇ ಬೇಕು. ಆದರೆ ಇದರಲ್ಲಿ ಯಾವುದನ್ನೂ ಇಪ್ಪತ್ತಕ್ಕಿಂತ ಮೇಲಿನ ವೇಗದಲ್ಲಿ ಮಾಡುವುದಿಲ್ಲ. ಎದುರಿನ ದೀಪ ನೋಡಿ ಅಂದಾಜು ಮಾಡುವುದು, ಬಸ್ಸಿನ ಮುಂದಿನಿಂದ ಯಾರೋ ಓಡಿ ಬರಬಹುದು ಅಂತ ಮೊದಲೇ ಕಾಲು ಎತ್ತುವುದು, ಇದಕ್ಕೆ ಪರೀಕ್ಷೆಯೇ ಇಲ್ಲ. ಬ್ರಿಟನ್ನಿನಲ್ಲಿ 2002ರಿಂದ ಅಪಾಯ ಗುರುತಿಸುವ ವಿಡಿಯೊ ಪರೀಕ್ಷೆ ಇದೆ. ಪರದೆಯ ಮೇಲೆ ರಸ್ತೆ ಓಡುತ್ತದೆ, ಅಪಾಯ ಹುಟ್ಟುವುದನ್ನು ಎಷ್ಟು ಬೇಗ ಗುರುತಿಸುತ್ತೀರೋ ಅಷ್ಟು ಅಂಕ. ನಮ್ಮ ಎಲ್‌ಎಲ್‌ಆರ್ ಪರೀಕ್ಷೆ ಹೇಗಿದ್ದರೂ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಇದನ್ನು ಸೇರಿಸುವುದು ಕಷ್ಟದ ಕೆಲಸ ಅಲ್ಲ.

"ಅದೆಲ್ಲ ಹೊರದೇಶದ ಮಾತು, ನಮ್ಮಲ್ಲಿ ನಡೆಯಲ್ಲ" ಅಂತ ಕೆಲವರು ಹೇಳುತ್ತಾರೆ. ನಮ್ಮದೇ ಕಾಯ್ದೆ ತೆಗೆದು ನೋಡಿ. ಇಪ್ಪತ್ತು ತುಂಬದವರು ಸಾರಿಗೆ ವಾಹನ ಓಡಿಸುವ ಹಾಗಿಲ್ಲ. ಸಾರಿಗೆ ವಾಹನಕ್ಕೆ ಎಲ್‌ಎಲ್‌ಆರ್ ಬೇಕು ಅಂದರೆ ಮೊದಲು ಒಂದು ವರ್ಷ ಎಲ್‌ಎಂವಿ ಲೈಸೆನ್ಸ್ ಇಟ್ಟುಕೊಂಡಿರಬೇಕು. ಅಂದರೆ ಹೊಟ್ಟೆಪಾಡಿಗೆ ಲಾರಿ ಓಡಿಸುವ ಬಡವರ ಮಗನಿಗೆ ಮೆಟ್ಟಿಲು ಇದೆ, ಕಾಯುವ ವರ್ಷ ಇದೆ. ಅವನ ಲಾರಿ ಎಂಬತ್ತು ಮುಟ್ಟೋಕೆ ಒದ್ದಾಡುತ್ತದೆ. ನಾಲ್ಕು ಸೆಕೆಂಡಿಗೆ ನೂರು ಮುಟ್ಟುವ ಕಾರಿಗೆ ಯಾವ ಮೆಟ್ಟಿಲೂ ಇಲ್ಲ. ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ.

ಇನ್ಶೂರೆನ್ಸ್ ಕಡೆಗೂ ಬನ್ನಿ. ಬ್ರಿಟನ್ನಿನಲ್ಲಿ ಹೊಸಬರಿಗೆ ಪವರ್ ಮಿತಿ ಕಾನೂನಿನಲ್ಲಿ ಇಲ್ಲ, ಆದರೆ ಹದಿನೆಂಟು ವರ್ಷದವರು ದೊಡ್ಡ ಕಾರಿಗೆ ವಿಮೆ ಕೇಳಿದರೆ ಪ್ರೀಮಿಯಂ ನೋಡಿಯೇ ವಾಪಸ್ ಬರುತ್ತಾರೆ. ನಮ್ಮಲ್ಲಿ ಥರ್ಡ್ ಪಾರ್ಟಿ ದರವನ್ನು ಸರ್ಕಾರ ನಿಗದಿ ಮಾಡುತ್ತದೆ. 2022ರ ಪಟ್ಟಿಯಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ ಮೂರೇ ದರ್ಜೆ. ಕೊನೆಯ ದರ್ಜೆ 65 ಕಿಲೊವ್ಯಾಟ್ ದಾಟಿದವು, ವರ್ಷಕ್ಕೆ 6,712 ರೂಪಾಯಿ. 70 ಕಿಲೊವ್ಯಾಟಿನ ಕಾರಿಗೂ ಅಷ್ಟೇ, 390 ಕಿಲೊವ್ಯಾಟಿಗೂ ಅಷ್ಟೇ. ಓಡಿಸುವವರು ಮೂವತ್ತು ವರ್ಷ ಅಪಘಾತ ಮಾಡದವರೋ, ನಿನ್ನೆ ಡಿಎಲ್ ಪಡೆದವರೋ, ಪಟ್ಟಿ ಕೇಳುವುದಿಲ್ಲ. ಬೇರೆಯವರಿಗೆ ಆಗುವ ಹಾನಿಗೆ ಇರುವ ವಿಮೆ ಇದು. ಹಾನಿ ಮಾಡುವ ಶಕ್ತಿಗೆ ಲೆಕ್ಕವೇ ಇಲ್ಲದಿದ್ದರೆ ಹೇಗೆ?

ಒಂದು ಒಳ್ಳೆಯ ಪ್ರತಿವಾದ ಇದೆ, ಅದಕ್ಕೆ ಉತ್ತರ ಕೊಡಲೇಬೇಕು. ಪವರ್ ಜಾಸ್ತಿ ಇರುವ ಹೊಸ ಕಾರುಗಳಲ್ಲೇ ಸುರಕ್ಷತೆಯೂ ಜಾಸ್ತಿ. ಆರು ಏಳು ಏರ್‌ಬ್ಯಾಗ್, ಜಾರುವ ಕಾರನ್ನು ಹತೋಟಿಗೆ ತರುವ ಇಎಸ್‌ಸಿ, ಒಳ್ಳೆಯ ಬ್ರೇಕ್. ಮಗನಿಗೆ ಹದಿನೈದು ವರ್ಷ ಹಳೆಯ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಕೂಡ ಇಲ್ಲದ ಗಾಡಿ ಕೊಡುವುದಕ್ಕಿಂತ ಇದು ವಾಸಿ ಅಲ್ವಾ ಅಂತ ತಂದೆ ತಾಯಿ ಕೇಳುತ್ತಾರೆ. ಹಳೆಯ ಗಾಡಿ ಕೊಡಬೇಡಿ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಸುರಕ್ಷತೆ ಬೇಕು ಅಂದರೆ ಪವರ್ ಕೂಡ ಬರಲೇಬೇಕು ಅಂತೇನೂ ಇಲ್ಲ. ಅಮೆರಿಕದಲ್ಲಿ ಹೆದ್ದಾರಿ ಸುರಕ್ಷತೆಗೆಂದೇ ವಿಮಾ ಕಂಪನಿಗಳು ಕಟ್ಟಿದ ಐಐಎಚ್‌ಎಸ್ ಎಂಬ ಸಂಸ್ಥೆ, ಹದಿಹರೆಯದವರಿಗೆ ಯಾವ ಕಾರು ಕೊಡಬಹುದು ಅಂತ ಪಟ್ಟಿ ಮಾಡುತ್ತದೆ. ಇಎಸ್‌ಸಿ ಕಡ್ಡಾಯ, ಕ್ರ್ಯಾಶ್ ಟೆಸ್ಟಿನಲ್ಲಿ ಗೆದ್ದಿರಬೇಕು, ಜೊತೆಗೆ ಅತಿ ಪವರಿನ ಕಾರು ಪಟ್ಟಿಯಲ್ಲೇ ಇರಬಾರದು. ನಮ್ಮಲ್ಲೂ ನೂರರ ಆಸುಪಾಸಿನ ಹಾರ್ಸ್‌ಪವರಿನಲ್ಲಿ ಐದು ಸ್ಟಾರ್ ಪಡೆದ ಕಾರುಗಳು ಬೇಕಾದಷ್ಟಿವೆ.

ನಿಯಮ ಮಾಡಿದರೆ ಜನ ಕೇಳುತ್ತಾರಾ? ನಿಮ್ಮ ಊರಿನ ಹೆದ್ದಾರಿಯನ್ನೇ ನೋಡಿ. ಬೆಂಗಳೂರು–ಮೈಸೂರು ರಸ್ತೆ 2023ರ ಮಾರ್ಚಿನಲ್ಲಿ ಪೂರ್ತಿ ತೆರೆದಾಗ ದಿನ ಬೆಳಗಾದರೆ ಸಾವಿನ ಸುದ್ದಿ. ಆಮೇಲೆ ನೂರರ ಮಿತಿ ಬಿಗಿ ಮಾಡಿದರು, ಆಗಸ್ಟಿನಲ್ಲಿ ಬೈಕು ಆಟೋ ನಿಲ್ಲಿಸಿದರು, ಕ್ಯಾಮೆರಾ ಹಾಕಿದರು. 2024ರ ಆಗಸ್ಟಿನಿಂದ 130 ದಾಟಿದವರ ಮೇಲೆ ಎಫ್‌ಐಆರ್ ಅಂದರು. ಸಾವು ಕಡಿಮೆ ಆಯಿತು. ಅದೇ ರಸ್ತೆ, ಅದೇ ಜನ.

ಎಲೆಕ್ಟ್ರಿಕ್ ಕಾರಿನಲ್ಲಿ ಇದು ಇನ್ನೂ ಸುಲಭ. ಪವರ್ ಎಷ್ಟು ಬಿಡಬೇಕು ಅನ್ನುವುದನ್ನು ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಇಕೋ ಮೋಡ್ ಅಂದರೆ ಅದೇ. ಫೋರ್ಡ್ ಕಂಪನಿ 2010ರ ಮಾದರಿಗಳಲ್ಲೇ ಮಕ್ಕಳಿಗೆ ಬೇರೆ ಕೀ ಕೊಟ್ಟಿತ್ತು, ಆ ಕೀಲಿ ಹಾಕಿದರೆ ಗರಿಷ್ಠ ವೇಗಕ್ಕೆ ಕಡಿವಾಣ. ವೋಲ್ವೊದಲ್ಲೂ ಅಂಥ ಕೀ ಇದೆ. ಹೊಸ ಲೈಸೆನ್ಸಿನವರ ಕೀ ಹಾಕಿದಾಗ 280 ಹಾರ್ಸ್‌ಪವರ್ ನೂರಕ್ಕೆ ಇಳಿಯಲಿ. ಎರಡು ವರ್ಷ ದಂಡ ಇಲ್ಲದೆ ಓಡಿಸಿದರೆ ಬೀಗ ತೆಗೆಯಲಿ. ಮನೆಗೆ ಒಂದೇ ಕಾರು ಇರುವವರಿಗೂ ಇದರಿಂದ ತೊಂದರೆ ಆಗುವುದಿಲ್ಲ. ಸಚಿವಾಲಯಕ್ಕೆ ನನ್ನ ಬೇಡಿಕೆ ಇದೇ.

ಇಷ್ಟು ಹೇಳಿ ಪ್ರಶ್ನೆಗಳಿಗೆ ಬಿಡುತ್ತೇನೆ.

ಒಬ್ಬ ತಾಯಿ: ಸರ್, ನಾವು ಆಗಲೇ ಕೊಡಿಸಿಬಿಟ್ಟಿದ್ದೀವಿ. ಮಗನಿಗೆ ಡಿಎಲ್ ಬಂದು ಎರಡು ತಿಂಗಳು. ಈಗ ಕೀ ಕಿತ್ತುಕೊಂಡರೆ ಮನೆಯಲ್ಲಿ ಜಗಳ. ಏನು ಮಾಡಲಿ?

ಕಿತ್ತುಕೊಳ್ಳಬೇಡಿ ಅಮ್ಮ. ಮೊದಲು ಸ್ಪೋರ್ಟ್ ಮೋಡ್ ಬಂದ್ ಅಂತ ಮಾತು ತೆಗೆದುಕೊಳ್ಳಿ. ಕಾರಿನ ಆ್ಯಪ್‌ನಲ್ಲಿ ಸ್ಪೀಡ್ ಅಲರ್ಟ್ ಇದ್ದರೆ ಅವನ ಎದುರಿಗೇ ಹಾಕಿ, ಕದ್ದು ಬೇಡ. ಆರು ತಿಂಗಳು ರಾತ್ರಿ ಹತ್ತರ ಮೇಲೆ ಕೀ ನಿಮ್ಮ ಹತ್ತಿರ ಇರಲಿ. ಗೆಳೆಯರ ಜೊತೆ ಊಟಿ, ಕೊಡಗು ಸದ್ಯಕ್ಕೆ ಬೇಡ, ನಿಮ್ಮನ್ನು ಕರೆದುಕೊಂಡು ಹೋಗಲಿ. ಮಳೆ ಬಂದ ದಿನ, ಕತ್ತಲೆಯಲ್ಲಿ, ಘಾಟಿಯಲ್ಲಿ ಮೊದಲ ಸಲ ಓಡಿಸುವಾಗ ಪಕ್ಕದಲ್ಲಿ ಮನೆಯ ಪಳಗಿದವರು ಒಬ್ಬರು ಕೂತಿರಲಿ. ಇನ್ನೊಂದು ಮಾತು. ಮನೆಯಲ್ಲಿ ಹದಿನೆಂಟು ತುಂಬದ ತಮ್ಮನೋ ತಂಗಿಯೋ ಇದ್ದರೆ ಕೀ ಎಲ್ಲಿಡುತ್ತೀರಿ ಅಂತ ನೋಡಿಕೊಳ್ಳಿ. 2019ರ ತಿದ್ದುಪಡಿ ಆದ ಮೇಲೆ ಅಪ್ರಾಪ್ತರು ಓಡಿಸಿ ಅಪರಾಧ ಆದರೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಪೋಷಕರಿಗೆ. ಒಂದು ವರ್ಷ ಗಾಡಿಯ ನೋಂದಣಿ ರದ್ದು. ಆ ಮಗುವಿಗೆ 25 ತುಂಬುವವರೆಗೂ ಲೈಸೆನ್ಸ್ ಇಲ್ಲ.

ಒಬ್ಬ ವಿದ್ಯಾರ್ಥಿ: ನನಗೆ ವೇಗ ಇಷ್ಟ ಸರ್. ಅದು ತಪ್ಪಾ?

ತಪ್ಪೇ ಇಲ್ಲ. ನನಗೂ ಇಷ್ಟ. ಅದಕ್ಕೆ ಜಾಗ ಇದೆ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ. ನಮ್ಮ ಬೆಂಗಳೂರಿನಲ್ಲೇ ಗೋ ಕಾರ್ಟಿಂಗ್ ಇದೆ. ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ನಾಯಿ ಅಡ್ಡ ಬರುವುದಿಲ್ಲ, ಪಕ್ಕದಲ್ಲಿ ಆಂಬುಲೆನ್ಸ್ ನಿಂತಿರುತ್ತದೆ. ಕಾರ್ಟಿನಿಂದ ಶುರು ಮಾಡಿ. ಟೈರು ಯಾವಾಗ ಹಿಡಿತ ಬಿಡುತ್ತದೆ, ಬ್ರೇಕ್ ಎಲ್ಲಿ ಹಾಕಬೇಕು, ತಿರುವಿನಲ್ಲಿ ಕಣ್ಣು ಎಲ್ಲಿರಬೇಕು ಅನ್ನುವುದೆಲ್ಲ ಅಲ್ಲಿ ಕಲಿಯಬಹುದು. ಕಾಲೇಜಿನಿಂದ ಹತ್ತು ಜನ ಹೆಸರು ಕೊಟ್ಟರೆ ಮುಂದಿನ ತಿಂಗಳು ನಾನೇ ಜೊತೆಗೆ ಬರುತ್ತೇನೆ.